ಒಂದು ಮೀಟರ್ ದಾರ, ಇಪ್ಪತ್ತೇಳು ನಕ್ಷತ್ರ

ಬಿಸಿಯೂಟದ ಸ್ಟೀಲ್ ತಟ್ಟೆಯೊಂದನ್ನು ತರಗತಿಯ ನೆಲದ ಮೇಲೆ ಬೋರಲು ಹಾಕಿ. ಎರಡು ಉದ್ದನೆಯ ದಾರ ತೆಗೆದುಕೊಳ್ಳಿ. ಮೊದಲನೆಯದಕ್ಕೆ ನಲವತ್ತು ಸೆಂಟಿಮೀಟರಿಗೊಂದರಂತೆ ನಾಲ್ಕು ಕಬ್ಬಿಣದ ನಟ್ಟು ಕಟ್ಟಿ. ಎರಡನೆಯದಕ್ಕೂ ನಾಲ್ಕೇ ನಟ್ಟು, ಆದರೆ ಕೆಳತುದಿಯಿಂದ 10, 40, 90 ಮತ್ತು 160 ಸೆಂಟಿಮೀಟರ್ ದೂರದಲ್ಲಿ. ಬೆಂಚಿನ ಮೇಲೆ ನಿಂತು, ದಾರದ ತುದಿ ತಟ್ಟೆಗೆ ತಾಗುವಂತೆ ಹಿಡಿದು, ಕೈ ಬಿಡಿ. ಮಕ್ಕಳು ಕಣ್ಣು ಮುಚ್ಚಿಕೊಂಡು ಕೇಳಲಿ.

ಮೊದಲ ದಾರದ ಸದ್ದು ಬರಬರುತ್ತ ಅವಸರಿಸುತ್ತದೆ: ಟಣ್... ಟಣ್.. ಟಣ್‌ಟಣ್. ಎರಡನೆಯದು ತಾಳ ಹಾಕಿದ ಹಾಗೆ ಬೀಳುತ್ತದೆ: ಟಣ್, ಟಣ್, ಟಣ್, ಟಣ್. ಅಳೆದು ಸಮನಾಗಿ ಕಟ್ಟಿದ್ದು ತಾಳ ತಪ್ಪಿತು, ಏರುಪೇರಾಗಿ ಕಟ್ಟಿದ್ದು ತಾಳ ಹಿಡಿಯಿತು. ಮಕ್ಕಳು ಇನ್ನೊಮ್ಮೆ ಬೀಳಿಸಿ ಎನ್ನುತ್ತಾರೆ. ಬೀಳಿಸಿ. ಎಷ್ಟು ಸಲ ಬೀಳಿಸಿದರೂ ಅದೇ.

ಎರಡನೆಯ ದಾರದಲ್ಲಿ ನಟ್ಟುಗಳ ನಡುವಿನ ಅಂತರ ನೋಡಿ: 10, 30, 50, 70. ಒಂದು, ಮೂರು, ಐದು, ಏಳು. ಬೀಳುವ ವಸ್ತು ಸಮ ಹೊತ್ತಿನಲ್ಲಿ ಬೆಸ ಸಂಖ್ಯೆಯ ಹೆಜ್ಜೆ ಇಡುತ್ತದೆ ಎಂದು ಗೆಲಿಲಿಯೊ 1638ರಲ್ಲಿ, ತನ್ನ ಕೊನೆಯ ಪುಸ್ತಕದಲ್ಲಿ ಬರೆದ. ಅವನು ಇಳಿಜಾರಿನ ಮೇಲೆ ಕಂಚಿನ ಗುಂಡು ಉರುಳಿಸಿ ಕಂಡದ್ದನ್ನು ನಮ್ಮ ತಟ್ಟೆ ಕಿವಿಗೇ ಕೇಳಿಸುತ್ತದೆ. ಒಂದು ಟಣ್‌ಗೂ ಇನ್ನೊಂದು ಟಣ್‌ಗೂ ನಡುವೆ ಸೆಕೆಂಡಿನ ಏಳನೇ ಒಂದು ಭಾಗ.

ಈಗ ದಾರವನ್ನು ಮನಸ್ಸಿನಲ್ಲೇ ಉದ್ದ ಮಾಡೋಣ. ಏಳನೇ ನಟ್ಟು ಎಲ್ಲಿ ಬರಬೇಕು? ಏಳೇಳಲೆ ನಲವತ್ತೊಂಬತ್ತು, ಅದರ ಹತ್ತು ಪಟ್ಟು: 490 ಸೆಂಟಿಮೀಟರ್. ಅದು ಸರಿಯಾಗಿ ಒಂದು ಸೆಕೆಂಡಿಗೆ ತಟ್ಟೆ ಬಡಿಯುತ್ತದೆ. ಈ 4.9 ಮೀಟರನ್ನು ನೆನಪಿಡಿ, ಮುಂದೆ ಚಂದ್ರನವರೆಗೂ ಅದು ನಮ್ಮ ಜೊತೆ ಬರುತ್ತದೆ. ಐವತ್ತನೇ ನಟ್ಟು ಕಟ್ಟಬೇಕೆಂದರೆ ದಾರ 250 ಮೀಟರ್ ಉದ್ದವಿರಬೇಕು, ಅಂದರೆ ಜೋಗದ ರಾಜಾ ಧುಮುಕುವ 253 ಮೀಟರಿನ ಹತ್ತಿರ ಹತ್ತಿರ. ಗಾಳಿಯ ತಡೆ ಇಲ್ಲದಿದ್ದರೆ ಆ ನಟ್ಟು ಏಳು ಸೆಕೆಂಡು ದಾಟುತ್ತಿದ್ದ ಹಾಗೇ ತಳ ಮುಟ್ಟುತ್ತದೆ, ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ. ತಟ್ಟೆಯ ಮೇಲಿನ ತಾಳ ಮಾತ್ರ ಬದಲಾಗಿಲ್ಲ: ಸೆಕೆಂಡಿಗೆ ಏಳು ಟಣ್.

ಇನ್ನು ಎರಡು ಒಂದು ರೂಪಾಯಿ ನಾಣ್ಯ, ಒಂದು ಅಡಿಕೋಲು. ಅಡಿಕೋಲಿನ ಒಂದು ತುದಿ ಮೇಜಿನಿಂದ ಹೊರಗೆ ಚಾಚಿರಲಿ, ಅದರ ಮೇಲೊಂದು ನಾಣ್ಯ. ಇನ್ನೊಂದು ನಾಣ್ಯ ಮೇಜಿನ ಅಂಚಿನಲ್ಲಿ, ಅಡಿಕೋಲಿಗೆ ಒತ್ತಿಕೊಂಡು. ಅಡಿಕೋಲನ್ನು ಚಟ್ಟನೆ ಅಡ್ಡಕ್ಕೆ ತಿರುಗಿಸಿದರೆ ಮೊದಲನೆಯದು ಇದ್ದಲ್ಲೇ ನೆಟ್ಟಗೆ ಬೀಳುತ್ತದೆ, ಎರಡನೆಯದು ಮುಂದಕ್ಕೆ ಹಾರಿ ಬೀಳುತ್ತದೆ. ಯಾವುದು ಮೊದಲು ನೆಲ ಮುಟ್ಟುತ್ತದೆ? ದೂರ ಹೋಗುವುದು ತಡವಾಗಿ ಮುಟ್ಟುತ್ತದೆ ಎಂದು ತರಗತಿಯ ಮುಕ್ಕಾಲು ಕೈ ಮೇಲೇಳುತ್ತವೆ. ಕೇಳುವುದು ಒಂದೇ ಸದ್ದು.

ಮುಂದಕ್ಕೆ ಹೋಗುವುದೇ ಬೇರೆ, ಕೆಳಕ್ಕೆ ಬೀಳುವುದೇ ಬೇರೆ. ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಮೇಜು 75 ಸೆಂಟಿಮೀಟರ್ ಎತ್ತರವಿದ್ದರೆ ಎರಡೂ ನಾಣ್ಯಕ್ಕೆ ಸಿಗುವ ಆಯುಸ್ಸು 0.39 ಸೆಕೆಂಡು. ಮೆಲ್ಲಗೆ ತಳ್ಳಿದರೆ ಅಷ್ಟರಲ್ಲಿ ಅದು ಒಂದು ಮಾರು ದೂರವೂ ಹೋಗುವುದಿಲ್ಲ. ರೈಫಲ್ಲಿನ ಗುಂಡಿನ ವೇಗ ಕೊಟ್ಟರೆ ಮುನ್ನೂರು ಮೀಟರ್ ದಾಟುತ್ತದೆ. ಸೆಕೆಂಡಿಗೆ 7.9 ಕಿಲೋಮೀಟರ್ ವೇಗ ಕೊಟ್ಟರೆ? ಬೆಂಗಳೂರಿನಿಂದ ಮೈಸೂರಿಗೆ ಇಪ್ಪತ್ತು ಸೆಕೆಂಡಿನೊಳಗೆ ಮುಟ್ಟಿಸುವ ವೇಗ ಅದು. ಆಗ 0.39 ಸೆಕೆಂಡಿನಲ್ಲಿ ನಾಣ್ಯ 3.1 ಕಿಲೋಮೀಟರ್ ಆಚೆ ಇರುತ್ತದೆ ಮತ್ತು ಎಂದಿನಂತೆ 75 ಸೆಂಟಿಮೀಟರ್ ಬಿದ್ದಿರುತ್ತದೆ. ಆದರೆ ಭೂಮಿ ಚಪ್ಪಟೆಯಾಗಿಲ್ಲವಲ್ಲ! 3.1 ಕಿಲೋಮೀಟರ್ ದೂರಕ್ಕೆ ನೆಲವೂ ಬಾಗಿ ಕೆಳಗಿಳಿದಿರುತ್ತದೆ. ಎಷ್ಟು? ಲೆಕ್ಕ ಹಾಕಿ ನೋಡಿ: 75 ಸೆಂಟಿಮೀಟರ್.

ನಾಣ್ಯ ಬಿದ್ದಿದೆ. ನೆಲವೂ ಅಷ್ಟೇ ಜಾರಿದೆ. ಮೇಜಿನ ಎತ್ತರ ಇದ್ದಷ್ಟೇ ಇದೆ. ಮುಂದಿನ 0.39 ಸೆಕೆಂಡಿಗೂ ಅದೇ ಕಥೆ, ಅದರ ಮುಂದಿನದಕ್ಕೂ ಅದೇ. ಗಾಳಿ, ಗುಡ್ಡ, ಮನೆ ಯಾವುದೂ ಅಡ್ಡ ಬರದಿದ್ದರೆ ಈ ಒಂದು ರೂಪಾಯಿ ಭೂಮಿಯನ್ನು ಸುತ್ತಿ ಬಂದು ಮೇಜಿನ ಇನ್ನೊಂದು ಅಂಚನ್ನು ಸವರಿಕೊಂಡು ಹೋಗುತ್ತದೆ. ಕಕ್ಷೆ ಎಂದರೆ ಇಷ್ಟೇ: ಬೀಳುತ್ತಲೇ ಇರುವುದು, ನೆಲ ಮಾತ್ರ ಸಿಗದಿರುವುದು. ನ್ಯೂಟನ್ ಮೇಜಿನ ಬದಲು ಮುಗಿಲೆತ್ತರದ ಬೆಟ್ಟ, ನಾಣ್ಯದ ಬದಲು ಹಾರುವ ಗುಂಡನ್ನು ಕಲ್ಪಿಸಿಕೊಂಡ. ಆ ಚಿತ್ರವಿರುವ ಪುಸ್ತಕ ಅಚ್ಚಾದದ್ದು ಅವನು ಸತ್ತ ಮರುವರ್ಷ, 1728ರಲ್ಲಿ. ನಿಜವಾದ ಮೊದಲ ‘ನಾಣ್ಯ’ ಸ್ಪುಟ್ನಿಕ್ ಮೇಲೇರಿದ್ದು 1957ರಲ್ಲಿ. ನಡುವೆ 229 ವರ್ಷ.

‘ಬಾಹ್ಯಾಕಾಶದಲ್ಲಿ ಗುರುತ್ವ ಇರೋದಿಲ್ಲ ಸಾರ್, ಅದಕ್ಕೇ ಅಲ್ಲಿ ತೇಲ್ತಾರೆ.’ ಈ ಮಾತು ಬರದ ತರಗತಿ ಇಲ್ಲ. ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆಯುವವರೂ ಹೀಗೇ ಹೇಳುತ್ತಾರೆ. ಉತ್ತರ ಕೊಡುವ ಬದಲು ಒಂದು ಪ್ಲಾಸ್ಟಿಕ್ ಲೋಟ ತನ್ನಿ. ಬುಡದ ಹತ್ತಿರ ಎರಡು ತೂತು ಮಾಡಿ, ಬೆರಳಿನಿಂದ ಮುಚ್ಚಿ, ನೀರು ತುಂಬಿ. ಬೆರಳು ತೆಗೆದರೆ ನೀರು ಚಿಮ್ಮುತ್ತದೆ. ಚಿಮ್ಮುತ್ತಿರುವಾಗಲೇ ಲೋಟವನ್ನು ಎದೆಯೆತ್ತರದಿಂದ ಬಿಟ್ಟುಬಿಡಿ. ಕೆಳಗೆ ಬಕೆಟ್ ಇಡುವುದನ್ನು ಮರೆಯಬೇಡಿ. ಬೀಳುವಷ್ಟು ಹೊತ್ತೂ ತೂತಿನಿಂದ ಒಂದು ಹನಿ ಹೊರಬರುವುದಿಲ್ಲ. ಲೋಟವೂ ನೀರೂ ಒಟ್ಟಿಗೇ ಬೀಳುತ್ತಿರುವಾಗ ನೀರು ಲೋಟವನ್ನು ಒತ್ತುವುದಾದರೂ ಹೇಗೆ? ಮೊಬೈಲಿನ ನಿಧಾನಗತಿಯ ವಿಡಿಯೊದಲ್ಲಿ ಇದನ್ನು ನೋಡಿದ ಮಕ್ಕಳು ಬಾಯಿ ತೆರೆದುಕೊಂಡು ನಿಲ್ಲುತ್ತಾರೆ.

ಒಂದೂವರೆ ಮೀಟರ್ ಎತ್ತರದಿಂದ ಬಿಟ್ಟರೆ ಆ ತೂಕವಿಲ್ಲದ ಸ್ಥಿತಿಯ ಆಯುಸ್ಸು 0.55 ಸೆಕೆಂಡು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಎಂದರೆ ಇದೇ ಲೋಟ, ನೆಲ ಸಿಗದ ಲೋಟ. 2000ದ ನವೆಂಬರ್ 2ರಿಂದ ಅಲ್ಲಿ ಒಂದು ದಿನವೂ ಬಿಡದೆ ಮನುಷ್ಯರು ಬೀಳುತ್ತಲೇ ಬದುಕಿದ್ದಾರೆ. ದಿನಕ್ಕೆ ಹದಿನೈದು ಹದಿನಾರು ಸುತ್ತು. ಮೊದಲ 25 ವರ್ಷಕ್ಕೇ ಸುಮಾರು 1,40,000 ಸುತ್ತು. ಇನ್ನು ಗುರುತ್ವದ ಮಾತು: ನಿಲ್ದಾಣ ಹಾರುವ 400 ಕಿಲೋಮೀಟರ್ ಎತ್ತರಕ್ಕೆ ಗೋಪುರ ಕಟ್ಟಿ, ಅದರ ತುದಿಯಲ್ಲಿ ತೂಕದ ಯಂತ್ರ ಇಟ್ಟರೆ, ಇಲ್ಲಿ 50 ಕಿಲೋ ತೂಗುವವರು ಅಲ್ಲಿ 44 ಕಿಲೋ ತೂಗುತ್ತಾರೆ. ಗುರುತ್ವದಲ್ಲಿ ಕಡಿಮೆಯಾದದ್ದು ನೂರಕ್ಕೆ ಹನ್ನೊಂದು ಪಾಲು ಮಾತ್ರ.

2025ರ ಜೂನ್ ಕೊನೆಗೆ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ಅವರ ಜೊತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ಸಿದ್ಧಪಡಿಸಿದ ಪ್ರಯೋಗವೊಂದಿತ್ತು: ಮೆಂತ್ಯ ಮತ್ತು ಹೆಸರುಕಾಳನ್ನು ಮೊಳಕೆ ಬರಿಸುವುದು. ನಮ್ಮ ಅಡುಗೆಮನೆಯಲ್ಲಿ ಒದ್ದೆ ಬಟ್ಟೆಯ ಗಂಟಿನೊಳಗೆ ಹೆಸರುಕಾಳು ಬಾಲ ಬಿಡಲು ಎರಡು ದಿನ ಬೇಕು. ಬಾಹ್ಯಾಕಾಶ ನಿಲ್ದಾಣ ಆ ಎರಡು ದಿನದಲ್ಲಿ ಬೀಳುತ್ತ ಬೀಳುತ್ತ ಸಾಗುವ ದಾರಿ 13 ಲಕ್ಷ ಕಿಲೋಮೀಟರಿಗೂ ಹೆಚ್ಚು, ಅಂದರೆ ಚಂದ್ರನಿಗಿರುವ ದೂರದ ಮೂರು ಪಟ್ಟಿಗೂ ಮಿಗಿಲು.

ಮತ್ತೆ ದಾರಕ್ಕೆ ಬರೋಣ. ಖಾಲಿ ಪೆನ್ನಿನ ಕೊಳವೆಯ ಮೂಲಕ ನೈಲಾನ್ ದಾರ ತೂರಿಸಿ. ಮೇಲಿನ ತುದಿಗೆ ಒಂದು ನಟ್ಟು, ಕೆಳಗಿನ ತುದಿಗೆ ಅಂಥದೇ ನಾಲ್ಕು ನಟ್ಟು. ಕೊಳವೆಯನ್ನು ಹಿಡಿದು ಮೇಲಿನ ನಟ್ಟನ್ನು ತಲೆಯ ಮೇಲೆ ತಿರುಗಿಸಿ. ಈ ಆಟಕ್ಕೆ ಬಯಲೇ ಸರಿ, ಒಬ್ಬರಿಂದೊಬ್ಬರು ದೂರ ನಿಲ್ಲಬೇಕು. ನಿಧಾನಿಸಿದರೆ ಕೆಳಗಿನ ನಟ್ಟುಗಳು ಜಗ್ಗಿ ದಾರವನ್ನು ಒಳಗೆ ಎಳೆದುಕೊಳ್ಳುತ್ತವೆ. ಜೋರು ಮಾಡಿದರೆ ಅವೇ ಮೇಲೇರುತ್ತವೆ. ಏರದೆ ಇಳಿಯದೆ ನಿಲ್ಲುವ ಒಂದು ವೇಗವಿದೆ, ಅದನ್ನು ಕೈಯೇ ಹುಡುಕಿಕೊಳ್ಳುತ್ತದೆ. ಕೊಳವೆಯಿಂದಾಚೆ ದಾರ ಒಂದು ಮೀಟರ್ ಇದ್ದಾಗ ಹತ್ತು ಸುತ್ತು ಎಣಿಸಿ. ಕೊಳವೆಯ ಬಾಯಿ ಉಜ್ಜುವುದರಿಂದ ಒಂದಿಷ್ಟು ಆಚೀಚೆ ಆದರೂ ಗಡಿಯಾರ ತೋರಿಸುವುದು ಹತ್ತು ಸೆಕೆಂಡಿನ ಆಸುಪಾಸು. ಸುತ್ತಿಗೊಂದು ಸೆಕೆಂಡು.

ನಟ್ಟು ಹೆಚ್ಚು ಕಡಿಮೆ ಮಾಡಿ, ದಾರ ಉದ್ದ ಗಿಡ್ಡ ಮಾಡಿ ಅಳೆಯುತ್ತ ಹೋದರೆ ಎರಡೇ ಸಾಲಿನ ಕಾನೂನು ಕೈಗೆ ಸಿಗುತ್ತದೆ. ದಾರ ನಾಲ್ಕು ಪಟ್ಟಾದರೆ ಸುತ್ತುವ ಕಾಲ ದುಪ್ಪಟ್ಟು. ಎಳೆತ ನಾಲ್ಕು ಪಟ್ಟಾದರೆ ಕಾಲ ಅರ್ಧ. ಹಾಗಾದರೆ ನಾಲ್ಕು ನಟ್ಟಿನ ಬದಲು ಒಂದೇ ನಟ್ಟಿನ ಎಳೆತವಿದ್ದರೆ ಸುತ್ತಿಗೆ ಎರಡು ಸೆಕೆಂಡು. ಇದನ್ನು ಮಾಡಿ ತೋರಿಸಲು ಹೋದರೆ ತಿರುಗುವ ನಟ್ಟು ಕುಸಿದು ಜೋತುಬೀಳುತ್ತದೆ. ಆದರೆ ಪರೀಕ್ಷಿಸಲು ಇನ್ನೊಂದು ದಾರಿಯಿದೆ: ಅದೇ ನಟ್ಟನ್ನು ಒಂದು ಮೀಟರ್ ದಾರದಲ್ಲಿ ಇಳಿಬಿಟ್ಟು ಲೋಲಕದಂತೆ ತೂಗಿ. ಹೋಗಿ ಬರಲು ಅದಕ್ಕೆ ಹಿಡಿಯುವ ಹೊತ್ತು ಎರಡು ಸೆಕೆಂಡು.

ಒಂದು ನಟ್ಟನ್ನು ಒಂದು ನಟ್ಟಿನ ತೂಕದಷ್ಟೇ ಎಳೆಯುವುದು ಯಾರ ಕೆಲಸ? ಭೂಮಿಯದು. ನೆಲದ ಹತ್ತಿರ ಪ್ರತಿ ವಸ್ತುವನ್ನೂ ಭೂಮಿ ಎಳೆಯುವುದು ಅದರ ತೂಕದಷ್ಟೇ ಬಲದಿಂದ. ಹಾಗಾಗಿ ಪೆನ್ನಿನ ಕೊಳವೆಯನ್ನು ಭೂಮಿಯ ನಟ್ಟನಡುವೆ ಇಟ್ಟು, ದಾರವನ್ನು ನೆಲದವರೆಗೆ ಬಿಟ್ಟೆವು ಎಂದುಕೊಳ್ಳಿ. ಒಂದು ಮೀಟರಿದ್ದ ದಾರ ಈಗ 63,71,000 ಮೀಟರ್. ಕಾನೂನಿನ ಪ್ರಕಾರ ಕಾಲ ಹೆಚ್ಚಬೇಕಾದದ್ದು ಈ ಸಂಖ್ಯೆಯ ವರ್ಗಮೂಲದಷ್ಟು, ಅಂದರೆ 2,524 ಪಟ್ಟು. ಎರಡು ಸೆಕೆಂಡು ಗುಣಿಸು 2,524: ಐದು ಸಾವಿರ ಚಿಲ್ಲರೆ ಸೆಕೆಂಡು. ಎಂಬತ್ತನಾಲ್ಕು ನಿಮಿಷ. ನೆಲ ಸವರಿಕೊಂಡು ಓಡುವ ಉಪಗ್ರಹವಿದ್ದರೆ ಅದರ ಒಂದು ಸುತ್ತಿನ ಕಾಲ ಅಷ್ಟೇ. ಬಾಹ್ಯಾಕಾಶ ನಿಲ್ದಾಣ 400 ಕಿಲೋಮೀಟರ್ ಮೇಲಿರುವುದರಿಂದ ಅದಕ್ಕೆ 92 ನಿಮಿಷ ಚಿಲ್ಲರೆ ಬೇಕು. ಶಾಲೆಯ ಬಯಲಿನಲ್ಲಿ ತಿರುಗಿದ ನಟ್ಟು, ರಾಕೆಟ್ ವಿಜ್ಞಾನಿಗಳ ಉತ್ತರವನ್ನು ಹೇಳಿಬಿಟ್ಟಿತು.

ಇಲ್ಲೊಂದು ಎಚ್ಚರಿಕೆ. ಗುರುತ್ವದ ಪಾಠಕ್ಕೆ ಹೆಚ್ಚು ಹೆಸರಾಗಿರುವುದು ಇನ್ನೊಂದು ಆಟ: ದೊಡ್ಡ ಬಳೆಗೆ ಲೈಕ್ರಾ ಬಟ್ಟೆ ಬಿಗಿದು, ನಡುವೆ ಭಾರದ ಗುಂಡು ಇಟ್ಟು, ಸುತ್ತ ಗೋಲಿ ಉರುಳಿಸುವುದು. ನೋಡಲು ಬಲು ಚೆಂದ. ಆದರೆ ಅಳೆದು ನೋಡಿದರೆ ಬಣ್ಣ ಬಯಲಾಗುತ್ತದೆ. ಕೆಪ್ಲರ್ 1619ರಲ್ಲಿ ಹೇಳಿದ ನಿಯಮದಂತೆ ಆಕಾಶದಲ್ಲಿ ಕಾಲದ ವರ್ಗವು ದೂರದ ಘನಕ್ಕೆ ಹೊಂದುತ್ತದೆ. ಬಟ್ಟೆಯ ಮೇಲೆ ಇದು ತಲೆಕೆಳಗು, ಕಾಲದ ಘನವು ದೂರದ ವರ್ಗಕ್ಕೆ ಹೊಂದುತ್ತದೆ ಎಂದು ಇಬ್ಬರು ಭೌತವಿಜ್ಞಾನಿಗಳು 2002ರಲ್ಲಿ ತೋರಿಸಿದರು. ನಾಲ್ಕು ಪಟ್ಟು ದೂರ ಹೋದ ಗ್ರಹ ಸುತ್ತಲು ಎಂಟು ಪಟ್ಟು ಕಾಲ ಹಿಡಿಯುತ್ತದೆ, ಬಟ್ಟೆಯ ಮೇಲಿನ ಗೋಲಿಗೆ ಎರಡೂವರೆ ಪಟ್ಟು ಸಾಕು. ಕಣ್ಣಿಗೆ ಒಪ್ಪಿದ್ದನ್ನು ಗಡಿಯಾರ ಒಪ್ಪಲಿಲ್ಲ. ಬಟ್ಟೆಯ ಆಟ ಬೇಡವೆಂದಲ್ಲ. ಅದರ ಪಕ್ಕದಲ್ಲೊಂದು ಗಡಿಯಾರವಿರಲಿ.

ಈಗ ದೂರದ ಮಾತು. ಒಂದು ಸುಲಿದ ತೆಂಗಿನಕಾಯಿ, ಒಂದು ನಿಂಬೆಹಣ್ಣು ತನ್ನಿ. ಹತ್ತು ಕೋಟಿ ಪಟ್ಟು ಕುಗ್ಗಿಸಿದರೆ ಭೂಮಿ 12.7 ಸೆಂಟಿಮೀಟರಿನ ತೆಂಗಿನಕಾಯಿ, ಚಂದ್ರ ಮೂರೂವರೆ ಸೆಂಟಿಮೀಟರಿನ ನಿಂಬೆಹಣ್ಣು. ಎಷ್ಟು ದೂರದಲ್ಲಿಡಬೇಕು ಎಂದು ಕೇಳಿ. ಪಠ್ಯಪುಸ್ತಕದ ಚಿತ್ರ ನೋಡಿ ಬೆಳೆದ ಮಕ್ಕಳು ಒಂದು ಗೇಣು ದೂರದಲ್ಲಿಡುತ್ತಾರೆ, ಧೈರ್ಯವಂತರು ಒಂದು ಮೊಳ. ಸರಿಯುತ್ತರ 3.84 ಮೀಟರ್. ನಡುವೆ ಮೂವತ್ತು ತೆಂಗಿನಕಾಯಿ ಸಾಲಾಗಿ ಕೂರಬಹುದು. ಚಂದ್ರಯಾನ-3 ಈ ಐದಾರು ಹೆಜ್ಜೆ ದಾಟಿ ಇಳಿಯಲು ತೆಗೆದುಕೊಂಡದ್ದು 40 ದಿನ: 2023ರ ಜುಲೈ 14ರಿಂದ ಆಗಸ್ಟ್ 23.

ಬಾಹ್ಯಾಕಾಶ ನಿಲ್ದಾಣ ಎಲ್ಲಿ? ತೆಂಗಿನಕಾಯಿಯ ಮೈಯಿಂದ 4 ಮಿಲಿಮೀಟರ್ ಮೇಲೆ. ಕಾಯಿಯ ಮೇಲೆ ಉಳಿದ ನಾರಿನ ಎಳೆಗಳ ನಡುವೆ ಅದು ಹಾರುತ್ತಿದೆ. ನಾವು ‘ಅಂತರಿಕ್ಷಕ್ಕೆ ಹೋಗಿ ಬಂದರು’ ಎನ್ನುವ ಬಹುಪಾಲು ಪಯಣ ಈ ನಾರಿನಾಚೆ ದಾಟಿಲ್ಲ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ಕಾಯುವ ಭೂಸ್ಥಿರ ಉಪಗ್ರಹಗಳು ಮಾತ್ರ ಒಂದು ಅಡಿಗಿಂತ ತುಸು ಆಚೆ, 36 ಸೆಂಟಿಮೀಟರ್ ದೂರದಲ್ಲಿವೆ. ಅಲ್ಲಿ ಎಳೆತ ಸಡಿಲ, ದಾರ ಉದ್ದ. ಆದ್ದರಿಂದಲೇ ಅವು ಸುತ್ತು ಮುಗಿಸಲು ಭೂಮಿ ತಿರುಗುವಷ್ಟೇ ಹೊತ್ತು ಹಿಡಿದು, ನಮ್ಮ ತಲೆಯ ಮೇಲೆ ಅಲುಗದೆ ನಿಂತಂತೆ ಕಾಣುತ್ತವೆ. ಇದೇ ಅಳತೆಯಲ್ಲಿ ಸೂರ್ಯ ನಾಲ್ಕು ಅಂತಸ್ತಿನ ಕಟ್ಟಡದಷ್ಟು, 14 ಮೀಟರಿನ ಚೆಂಡು. ಅದನ್ನಿಡಲು ಊರಾಚೆ ಒಂದೂವರೆ ಕಿಲೋಮೀಟರ್ ನಡೆಯಬೇಕು. ಸೂರ್ಯನಾಚೆಯ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾವನ್ನು ಎಲ್ಲಿಡೋಣ? ಪಕ್ಕದ ತಾಲ್ಲೂಕಿನಲ್ಲಿ? ಮುಂಬೈಯಲ್ಲಿ? ಹತ್ತು ಕೋಟಿ ಪಟ್ಟು ಕುಗ್ಗಿಸಿದ ಮೇಲೂ ಅದು ನಾಲ್ಕು ಲಕ್ಷ ಕಿಲೋಮೀಟರ್ ದೂರ. ಅಂದರೆ ಭೂಮಿಯನ್ನು ತೆಂಗಿನಕಾಯಿ ಮಾಡಿದರೂ ಪಕ್ಕದ ಮನೆಯ ನಕ್ಷತ್ರವನ್ನಿಡಲು ನಿಜವಾದ ಚಂದ್ರನಷ್ಟು ದೂರ ಹೋಗಬೇಕು!

ತೆಂಗಿನಕಾಯಿ ಮತ್ತು ನಿಂಬೆಯ ನಡುವೆ ದಾರ ಕಟ್ಟಿ ಹಿಡಿದುಕೊಳ್ಳಿ. ನಿಜವಾದ ಚಂದ್ರನನ್ನು ಹಿಡಿದಿರುವ ಆ ಕಾಣದ ದಾರದ ಜಾಗದಲ್ಲಿ ಉಕ್ಕಿನ ಹಗ್ಗ ಹಾಕಬೇಕೆಂದರೆ ಎಷ್ಟು ದಪ್ಪ ಬೇಕು? ಒಂದು ಚದರ ಮಿಲಿಮೀಟರಿನ ಗಟ್ಟಿ ಉಕ್ಕಿನ ತಂತಿ ನೂರು ಕಿಲೋ ಭಾರ ತಡೆಯುತ್ತದೆ ಎಂದು ಹಿಡಿಯೋಣ. ಭೂಮಿ ಚಂದ್ರನನ್ನು ಎಳೆಯುವ ಬಲವನ್ನು ಕಿಲೋ ಭಾರದಲ್ಲಿ ಬರೆದರೆ 2ರ ಮುಂದೆ 19 ಸೊನ್ನೆ. ಭಾಗಿಸಿದರೆ ಹಗ್ಗದ ಅಡ್ಡಕೊಯ್ತ ಸುಮಾರು ಎರಡು ಲಕ್ಷ ಚದರ ಕಿಲೋಮೀಟರ್. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಬೀದರಿನಿಂದ ಚಾಮರಾಜನಗರದವರೆಗೆ ಇಡೀ ನಾಡನ್ನೇ ಉಕ್ಕು ಮಾಡಿ, ಅಷ್ಟು ದಪ್ಪದ ಕಂಬವನ್ನು ಚಂದ್ರನವರೆಗೆ ಎಳೆದರೆ ಹೇಗೋ ಅದು ಈ ಕೆಲಸಕ್ಕೆ ಸಾಲುತ್ತದೆ, ಅದೂ ಹಗ್ಗದ ಸ್ವಂತ ಭಾರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಅದೇ ಬಲ ತರಗತಿಯಲ್ಲಿ ಎಷ್ಟು ಬಡವ ಎಂಬುದನ್ನೂ ನೋಡಬೇಕು. ತಲಾ 40 ಕಿಲೋ ತೂಗುವ ಇಬ್ಬರು ಒಂದು ಮೀಟರ್ ಅಂತರದಲ್ಲಿ ಕೂತಿದ್ದರೆ ಅವರು ಪರಸ್ಪರ ಎಳೆಯುವ ಬಲ ಒಂದು ಪುಡಿ ಉಪ್ಪಿನ ಕಣದ ತೂಕದ ಐದನೇ ಒಂದು ಪಾಲು. 1798ರಲ್ಲಿ ಕ್ಯಾವೆಂಡಿಶ್ ತಲಾ 158 ಕಿಲೋದ ಎರಡು ಸೀಸದ ಗುಂಡಿಟ್ಟು ಇಂಥದೇ ಸೂಕ್ಷ್ಮ ಎಳೆತವನ್ನು ಅಳೆದ. ತನ್ನ ಉಸಿರು, ಮೈಯ ಬಿಸಿ ತಾಗಿದರೂ ಲೆಕ್ಕ ಕೆಟ್ಟೀತೆಂದು ಕೋಣೆಯ ಹೊರಗೆ ನಿಂತು ದೂರದರ್ಶಕದಿಂದ ನೋಡಿದ. ಆ ಉಪ್ಪಿನ ಪುಡಿಯಂಥ ಬಲದಿಂದಲೇ ಭೂಮಿಯ ಸಾಂದ್ರತೆ, ಅದರಿಂದ ಭೂಮಿಯ ತೂಕ ಗೊತ್ತಾಯಿತು: 6ರ ಮುಂದೆ 24 ಸೊನ್ನೆ, ಕಿಲೋಗಳಲ್ಲಿ.

ಉಳಿದದ್ದು ಕೊನೆಯ ಲೆಕ್ಕ. ಚಂದ್ರನಿರುವುದು ಭೂಮಿಯ ತ್ರಿಜ್ಯದ ಅರುವತ್ತು ಪಟ್ಟು ದೂರದಲ್ಲಿ. ದೂರದ ವರ್ಗಕ್ಕೆ ತಕ್ಕಂತೆ ಎಳೆತ ಕುಗ್ಗುತ್ತದೆ, ಆದ್ದರಿಂದ ಅಲ್ಲಿ ಎಳೆತ 3,600ರಲ್ಲಿ ಒಂದು ಪಾಲು. ಒಂದು ಸೆಕೆಂಡಿನಲ್ಲಿ ಚಂದ್ರ ನಮ್ಮ ಕಡೆ ಬೀಳುವುದು 1.36 ಮಿಲಿಮೀಟರ್, ಹೆಚ್ಚೆಂದರೆ ಒಂದು ಸಾಸಿವೆ ಕಾಳಿನಷ್ಟು. ಒಂದು ನಿಮಿಷದಲ್ಲಿ? ಏಳನೇ ನಟ್ಟಿನ ಅದೇ 4.9 ಮೀಟರ್. ನಮ್ಮ ದಾರದ ಸೆಕೆಂಡು ಅಲ್ಲಿ ನಿಮಿಷವಾಗಿದೆ, ಅಷ್ಟೇ.

ಇದನ್ನು ಬಯಲಿನಲ್ಲಿ ಸಿಕ್ಕ ಎರಡು ಸಾಲಿನ ಕಾನೂನಿಗೆ ಹಾಕಿ. ದಾರ 60 ಪಟ್ಟು ಉದ್ದವಾದದ್ದಕ್ಕೆ ಕಾಲ ಅದರ ವರ್ಗಮೂಲದಷ್ಟು, ಅಂದರೆ ಏಳೂಮುಕ್ಕಾಲು ಪಟ್ಟು. ಎಳೆತ 3,600ರಲ್ಲಿ ಒಂದು ಪಾಲಾದದ್ದಕ್ಕೆ ಕಾಲ 60 ಪಟ್ಟು. ಎರಡನ್ನೂ ಗುಣಿಸಿದರೆ 465. ಎಂಬತ್ತನಾಲ್ಕು ನಿಮಿಷದ 465 ಪಟ್ಟು ಎಂದರೆ 39 ಸಾವಿರ ನಿಮಿಷ. ದಿನದಲ್ಲಿ 1,440 ನಿಮಿಷ. ಭಾಗಿಸಿ.

ಇಪ್ಪತ್ತೇಳು ದಿನ, ಚೂರು ಹೆಚ್ಚು.

ಈ ಸಂಖ್ಯೆ ಗೊತ್ತಿಲ್ಲದ ಮನೆ ನಮ್ಮಲ್ಲಿಲ್ಲ. ಅಶ್ವಿನಿ, ಭರಣಿ, ಕೃತ್ತಿಕಾ ಎಂದು ಶುರುವಾಗಿ ರೇವತಿಯಲ್ಲಿ ಮುಗಿಯುವ ನಕ್ಷತ್ರಗಳು ಇಪ್ಪತ್ತೇಳು ಆಗಿರುವುದು ಚಂದ್ರ ಆಕಾಶವನ್ನು ಸುತ್ತಿ ಬರುವುದಕ್ಕೆ 27.3 ದಿನ ಹಿಡಿಯುವುದರಿಂದ. ದಿನಕ್ಕೊಂದು ಮನೆ, ಒಂದೊಂದರಲ್ಲೂ ಸರಾಸರಿ 24 ಗಂಟೆ 17 ನಿಮಿಷದ ವಾಸ. ಹಿಂದಿನವರು ರಾತ್ರಿ ರಾತ್ರಿ ತಲೆಯೆತ್ತಿ ಎಣಿಸಿದ ಲೆಕ್ಕಕ್ಕೆ, ಏಳನೇ ತರಗತಿಯ ಹುಡುಗಿಯೊಬ್ಬಳು ಹಾಡುಹಗಲಲ್ಲಿ, ತಲೆಯ ಮೇಲೆ ನಟ್ಟು ತಿರುಗಿಸುತ್ತ, ಎರಡು ಸೆಕೆಂಡಿನಿಂದ ಹೊರಟು ಬಂದು ಸೇರಿದಳು.

ನಾಳೆ ತರಗತಿಗೆ ಬೇಕಾದದ್ದು: ಒಂದಿಷ್ಟು ದಾರ, ಒಂದು ಖಾಲಿ ಪೆನ್ನು, ಐದು ನಟ್ಟು. ಜೊತೆಗೆ ಗೋಡೆಯ ಮೇಲಿನ ಪಂಚಾಂಗ.